ಮರ್ಯಾದೆಯಾಗಿ ಕೇಳುವುದು

ಗುರುವಾರ, ಸಂಜೆ

ಪ್ರೀತಿಯ ಗುಬ್ಬಿಗೆ,

ಅಕ್ಕನ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ. ನಿನ್ನ ಕ್ಷೇಮ ಕೇಳುವುದಿಲ್ಲ, ತಪ್ಪು ತಿಳಿಯಬೇಡ. ಮೊನ್ನೆಯಿಂದ ನೀನು ತಲೆ ಬಾಚದೆ, ಊಟ ನಿದ್ದೆ ಬಿಟ್ಟು ಬೀದಿ ಬೀದಿ ಸುತ್ತುತ್ತಿರುವುದನ್ನು ಬಡಾವಣೆಯವರೆಲ್ಲ ನೋಡುತ್ತಿದ್ದಾರೆ. ಬೇಡವೆಂದರೂ ಬಂದು ನನಗೆ ಹೇಳುತ್ತಿದ್ದಾರೆ.

ಪೆನ್ನು ಹಿಡಿದು ಕಾಗದ ಬರೆದು ಎಷ್ಟು ಕಾಲವಾಯಿತೋ. ಬೇರೆ ದಾರಿ ಇಲ್ಲದೆ ಬರೆಯುತ್ತಿದ್ದೇನೆ. ನನ್ನ ನಂಬರನ್ನು ಬ್ಲಾಕ್ ಮಾಡಿದ್ದೀಯ, ನಿನ್ನ ಭಾವನದನ್ನೂ ಮಾಡಿದ್ದೀಯ. ಇದನ್ನು ಅವರ ಕೈಯಲ್ಲೇ ಕಳಿಸುತ್ತಿದ್ದೇನೆ. ನಿನ್ನ ಬಾಗಿಲ ಸಂದಿಯಲ್ಲಿ ತೂರಿಸಿ ಬನ್ನಿ, ನಿಂತು ಮಾತಾಡಬೇಡಿ ಎಂದಿದ್ದೇನೆ. ಮೊನ್ನೆಯಿಂದ ಅವರು ನನ್ನ ಹತ್ತಿರವೂ ಮಾತು ಬಿಟ್ಟಿದ್ದಾರೆ, ಹಾಗಾಗಿ ಅವರಿಗದು ಕಷ್ಟವಾಗಲಾರದು. ಒಂದೇ ಕೋರಿಕೆ, ಪೂರ್ತಿ ಓದು. ನಾಲ್ಕು ಸಾಲು ಓದಿ ಬಿಸಾಡುವುದು ನಿನ್ನ ಹಳೆಯ ಚಾಳಿ. ಬಡಾವಣೆಯ ವಾಟ್ಸಾಪ್ ಗುಂಪಿನ ನಿಯಮಗಳನ್ನೂ ನೀನು ಹಾಗೆಯೇ ಓದಿದ್ದು.

ನಾನು ನಿಯಮ ನಿಯಮ ಎಂದಾಗಲೆಲ್ಲ ನೀನು ನಗುತ್ತೀಯ. ವಿದ್ಯುತ್ ಕಚೇರಿಯಲ್ಲಿ ದೂರು ತೆಗೆದುಕೊಳ್ಳುವ ಕಿಟಕಿಯ ಹಿಂದೆ ಕೂತು ನಾನು ಇಡೀ ನೌಕರಿ ಮುಗಿಸಿದೆ, ಗುಬ್ಬಿ. ಕರೆಂಟು ಹೋದರೆ ಜನ ಬಂದು ನನ್ನನ್ನು ಬೈಯುತ್ತಿದ್ದರು, ತಂತಿ ಕಡಿದವಳು ನಾನೇ ಎಂಬಂತೆ. ಏಯ್, ಏನಮ್ಮ, ನಿದ್ದೆ ಮಾಡ್ತಿದೀಯಾ ಎನ್ನುತ್ತಿದ್ದರು. ಅಲ್ಲಿ ನಾನು ಕಲಿತದ್ದು ಒಂದು. ಮರ್ಯಾದೆಯಾಗಿ ಕೇಳಿದವನ ಅರ್ಜಿ ಮೇಲೆ ಇಡುತ್ತಿದ್ದೆ, ಕೂಗಾಡಿದವನದು ಅಡಿಗೆ ಹೋಗುತ್ತಿತ್ತು. ಎರಡು ದಿನ ಕತ್ತಲಲ್ಲಿ ಕೂತವನು ಮೂರನೆಯ ದಿನ ಬಂದಾಗ ಎಷ್ಟು ಮೆತ್ತಗಾಗಿರುತ್ತಿದ್ದ ಎಂದರೆ, ಕೈಯಲ್ಲಿ ಹಣ್ಣು ಹಿಡಿದುಕೊಂಡು ಬಂದಿರುತ್ತಿದ್ದ. ಕತ್ತಲೆ ಕೆಲವರಿಗೆ ಒಳ್ಳೆಯ ಮೇಷ್ಟ್ರು.

ಬಡಾವಣೆಯ ಗುಂಪು ಮೊದಲು ಹೇಗಿತ್ತು ನೆನಪಿದೆಯೇ? ನೀರು ಬಂತಾ, ಕಸದ ಗಾಡಿ ಹೋಯಿತಾ, ನನ್ನ ಬೆಕ್ಕು ಕಂಡಿರಾ ಎನ್ನುವುದರ ನಡುವೆ ಒಬ್ಬರನ್ನೊಬ್ಬರು ಹರಿದು ತಿನ್ನುತ್ತಿದ್ದರು. ನಾನು ಅಡ್ಮಿನ್ ಆದ ಮೇಲೆ ಒಂದು ಹದಕ್ಕೆ ಬಂತು. ಮೊದಲು ನಮಸ್ಕಾರ, ಆಮೇಲೆ ವಿಷಯ. ಯಾರನ್ನೂ ಏಕವಚನದಲ್ಲಿ ಕರೆಯುವಂತಿಲ್ಲ. ಮೀರಿದವರು ಹೊರಗೆ. ಒಳಗೆ ಬರಬೇಕಾದರೆ ಕ್ಷಮಾಪಣೆ ಬರೆದು ಕಳಿಸಬೇಕು. ಅದನ್ನು ನಾನು, ನಿವೃತ್ತ ಮೇಷ್ಟ್ರು, ಔಷಧಿ ಅಂಗಡಿಯವರು ಮೂವರೂ ಓದಿ, ಮನಸ್ಸಿನಿಂದ ಬಂದದ್ದು ಎನಿಸಿದರೆ ಮಾತ್ರ ಸೇರಿಸಿಕೊಳ್ಳುತ್ತೇವೆ. ಕಲ್ಲಿನಂಥವರು ಕ್ಷಮೆ ಕೇಳಿ ಬಂದು ಈಗ ಬೆಣ್ಣೆಯಂತೆ ಮಾತಾಡುತ್ತಾರೆ.

ನೀನೊಬ್ಬಳೇ ಬಗ್ಗಲಿಲ್ಲ. ನಿನ್ನ ಶಾಲಾ ವ್ಯಾನಿಗೆ ಅಡ್ಡ ಬಂತೆಂದು ಬ್ಯಾಂಕ್ ಮ್ಯಾನೇಜರರ ಕಾರಿನ ಬಗ್ಗೆ ಏನು ಬರೆದೆ? ನಿನ್ನ ಡಬ್ಬಾ ತೆಗೀತೀಯಾ, ಇಲ್ಲ ವ್ಯಾನಲ್ಲಿ ನಾನೇ ತಳ್ಳಲಾ ಎಂದು. ಆವತ್ತು ಗುಂಪಿನಲ್ಲಿ ಬಿದ್ದ ನಗುವಿನ ಚಿತ್ರಗಳಿಗೆ ಲೆಕ್ಕವಿಲ್ಲ. ನಾನು ಒಂದೊಂದು ಪದ ತೂಗಿ ನಿಯಮ ಬರೆದು ಹಾಕಿದರೆ ಜನ ಬರೀ ಹೆಬ್ಬೆಟ್ಟು ತೋರಿಸಿ ಸುಮ್ಮನಾಗುತ್ತಾರೆ, ನೀನು ಬಾಯಿಗೆ ಬಂದದ್ದು ಬೊಗಳಿದರೆ ಕುಣಿಯುತ್ತಾರೆ. ನನಗೆ ಹೊಟ್ಟೆ ಉರಿಯಿತು. ಸುಳ್ಳು ಏಕೆ ಹೇಳಲಿ. ಆದರೂ ತಂಗಿ ಎಂದು ಆ ಸಲ ಬಿಟ್ಟೆ.

ಈಗ ಮಂಗಳವಾರದ ವಿಷಯ. ನೀನು ಮಕ್ಕಳನ್ನು ಬಿಡಲು ಹೋಗಿದ್ದೆ, ಗ್ಯಾಸ್ ತಂದವನು ಬಾಗಿಲು ಹಾಕದೆ ಹೋದ, ಅಮ್ಮ ಎದ್ದು ಹೊರಟುಬಿಟ್ಟಳು. ಇದರಲ್ಲಿ ನಿನ್ನ ತಪ್ಪಿದೆ ಎಂದು ನಾನು ಹೇಳುವುದಿಲ್ಲ. ಹೇಳುವವರು ಹೇಳುತ್ತಿದ್ದಾರೆ. ಮರೆವಿನ ಮುದುಕಿಯನ್ನು ಒಬ್ಬಳೇ ಬಿಟ್ಟು ಹೋಗುವ ಮಗಳು ಎಂದು ನಿನ್ನೆ ಒಬ್ಬರು ಬರೆದರು, ನಮಸ್ಕಾರ ಹಾಕಿ ಬಹುವಚನದಲ್ಲೇ ಬರೆದಿದ್ದರಿಂದ ನಾನು ತೆಗೆಯುವಂತಿರಲಿಲ್ಲ. ಆದರೆ ಅಂಥ ಹೊತ್ತಿನಲ್ಲಿ ಗುಂಪಿಗೆ ನೀನು ಹಾಕಿದ್ದೇನು?

"ಏಯ್, ಎಲ್ರೂ ಫೋನಿಂದ ಮುಖ ಎತ್ತಿ ಕಿಟಕಿಯಾಚೆ ನೋಡ್ರೋ. ನಮ್ಮಮ್ಮ ಕಾಣಿಸ್ತಿಲ್ಲ. ಹಸಿರು ಸ್ವೆಟರ್ ಹಾಕಿದಾಳೆ."

ಯಾರು ಮುಖ ಎತ್ತುತ್ತಾರೆ ಹೇಳು. ಮ್ಯಾನೇಜರರು, ನಾವು ನಿಮ್ಮ ಮನೆಯ ಆಳುಗಳಲ್ಲ, ಮೊದಲು ಭಾಷೆ ಸರಿಯಿರಲಿ ಎಂದರು. ಪಾಪ, ಗಾಬರಿಯಲ್ಲಿದ್ದಾರೆ ಬಿಡಿ ಎಂದು ಒಂದಿಬ್ಬರು ಹೆಂಗಸರು ಅಡ್ಡ ಬಂದರು. ಗಾಬರಿಯಲ್ಲಿ ತೋರಿಸುವ ಸೌಜನ್ಯವೇ ನಿಜವಾದ ಸೌಜನ್ಯ ಎಂದು ಮೇಷ್ಟ್ರು ಒಂದು ಪುಟ ಬರೆದರು. ನೋಡ್ರೋ ಎಂದದ್ದು ಗಂಡಸರಿಗೆ ಮಾತ್ರವೋ ಹೆಂಗಸರಿಗೂ ಸೇರಿಯೋ ಎಂದು ಹಲ್ಲಿನ ಡಾಕ್ಟರು ಕೇಳಿದರು. ಅದರ ಮೇಲೆ ಪರ ವಿರೋಧ ಶುರುವಾಯಿತು. ಈ ನಡುವೆ ಯಾರೋ ಶುಭ ಮಧ್ಯಾಹ್ನ ಎಂದು ಹೂವಿನ ಚಿತ್ರ ಕಳಿಸಿದರು. ನಿಜ, ಅಷ್ಟೂ ಮಾತಿನಲ್ಲಿ ಹಸಿರು ಸ್ವೆಟರಿನ ಸುದ್ದಿ ಒಬ್ಬರೂ ಎತ್ತಲಿಲ್ಲ. ಹಾಗೆ ನೋಡಿದರೆ ಅದೂ ನಿನ್ನಿಂದಲೇ. ನಮಸ್ಕಾರ, ತಾಯಿಯವರು ಕಾಣೆಯಾಗಿದ್ದಾರೆ, ದಯವಿಟ್ಟು ಸಹಕರಿಸಿ ಎಂದು ಮೂರು ಮಾತು ಬರೆದಿದ್ದರೆ ಇಡೀ ಬಡಾವಣೆ ಎದ್ದು ಬರುತ್ತಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಆಮೇಲಾದರೂ ಸುಮ್ಮನಿದ್ದೆಯಾ? ನಿಮ್ಮ ಮರ್ಯಾದೆಗೆ ಬೆಂಕಿ ಬೀಳ, ಒಬ್ಬನಾದರೂ ಎದ್ದು ಬಾಗಿಲು ತೆಗೆದನಾ ಎಂದು ಬರೆದೆ. ಎಲ್ಲರೂ ನಾನೇನು ಮಾಡುತ್ತೇನೆ ಎಂದೇ ಕಾಯುತ್ತಿದ್ದರು. ನನಗೂ ಅಮ್ಮನೇ ಅಲ್ಲವೇ? ಆದರೆ ಮತ್ತೂ ತಂಗಿ ಎಂದು ಬಿಟ್ಟುಕೊಟ್ಟರೆ ನಾಳೆ ನನ್ನ ಮಾತು ಯಾರು ಕೇಳುತ್ತಾರೆ? ನಿನ್ನ ಎರಡೂ ಮಾತನ್ನು ಅಳಿಸಿದೆ, ನಿನ್ನನ್ನು ಹೊರಗಿಟ್ಟೆ. ಮ್ಯಾನೇಜರರು ಕೈಮುಗಿದ ಚಿತ್ರ ಹಾಕಿದರು. ಹಿಂದೆಯೇ ಸಾಲು ಸಾಲಾಗಿ ಎಲ್ಲರೂ ಹಾಕಿದರು. ಅಷ್ಟು ಕೈಗಳು ನನಗಾಗಿ ಒಟ್ಟಿಗೆ ಮುಗಿದದ್ದು ಅದೇ ಮೊದಲು.

ಸಂಜೆ ನೀನು ಬಂದು ನಮ್ಮ ಗೇಟು ಒದ್ದೆ. ನಾನು ಬಾಗಿಲು ತೆಗೆಯಲಿಲ್ಲ, ಒಳಗೆ ಬಿಟ್ಟು ಬರಲಾಗದ ಕೆಲಸವಿತ್ತು. ತೆಗೆಯಬೇಕೆಂದೇ ಇದ್ದೆ, ನಿನ್ನಾಣೆ. ಚಿಲಕದ ಮೇಲೆ ಕೈ ಇಟ್ಟಿದ್ದೆ. ಅಷ್ಟರಲ್ಲಿ ನೀನು ಬೀದಿಗೆಲ್ಲ ಕೇಳುವಂತೆ ಕೂಗಿದೆ.

"ಇವತ್ತಿಂದ ನಂಗೆ ಅಕ್ಕ ಇಲ್ಲ. ಒಬ್ಳು ಅಡ್ಮಿನ್ ಇದಾಳೆ, ಅಷ್ಟೆ."

ಕೈ ಹಿಂದಕ್ಕೆ ತೆಗೆದುಕೊಂಡೆ. ಅಕ್ಕ ಇಲ್ಲ ಎಂದ ಮೇಲೆ ಅಕ್ಕನ ಕೆಲಸ ಮಾಡುವವರು ಯಾರು? ನೀನು ಹೋದ ಮೇಲೆ ಗೇಟಿನ ಕೆಳಗಿನ ಸರಳು ಸೊಟ್ಟಗಾಗಿತ್ತು. ಅದನ್ನು ನೆಟ್ಟಗೆ ಮಾಡಲು ನಿನ್ನ ಭಾವ ಕತ್ತಲಾಗುವವರೆಗೆ ಸುತ್ತಿಗೆ ಹಿಡಿದು ಕೂತಿದ್ದರು.

ನಿನ್ನೆ ನೀನು ಔಷಧಿ ಅಂಗಡಿಯವರ ಕೈಯಲ್ಲಿ ಕಳಿಸಿದ ಕ್ಷಮಾಪಣೆ ಬಂತು. ಆಯ್ತು, ತಪ್ಪಾಯ್ತು, ಈಗ್ಲಾದ್ರೂ ಹುಡುಕ್ರಪ್ಪ ಎಂದು ಬರೆದಿದ್ದೆ. ಮೂವರೂ ಕೂತು ಓದಿದೆವು. ಔಷಧಿ ಅಂಗಡಿಯವರ ಕಣ್ಣು ಒದ್ದೆಯಾಯಿತು, ಸಾಕು ಬಿಡಿ ಮೇಡಂ, ಸೇರಿಸಿಕೊಳ್ಳೋಣ ಎಂದರು. ಮೇಷ್ಟ್ರಿಗೆ ಅದು ಕ್ಷಮಾಪಣೆಯಂತೆ ಕಾಣಲಿಲ್ಲ, ಆಜ್ಞೆಯಂತೆ ಕಂಡಿತು. ಉಳಿದದ್ದು ನನ್ನ ಒಂದು ಮಾತು. ತಂಗಿಯ ಪರ ವಾಲಿದಳು ಎಂದು ಯಾರೂ ಅನ್ನಬಾರದಲ್ಲ, ವಾಪಸು ಕಳಿಸಿದೆ.

ಇನ್ನು ನೀನು ಕಂಬ ಕಂಬಕ್ಕೂ ಅಂಟಿಸಿರುವ ಅಮ್ಮನ ಫೋಟೋ. ಕಾಂಪೌಂಡಿನ ಬಣ್ಣ ಕಿತ್ತು ಬರುತ್ತಿದೆ ಎಂದು ಇಬ್ಬರು ದೂರು ಕೊಟ್ಟಿದ್ದಾರೆ. ಫೋಟೋದಲ್ಲಿ ಅಮ್ಮ ಹಲ್ಲು ಬಿಟ್ಟು ನಗುತ್ತಿದ್ದಾಳೆ, ಸ್ವಲ್ಪ ಗಂಭೀರವಾದದ್ದು ಸಿಗಲಿಲ್ಲವೇ? ಪೊಲೀಸ್ ಠಾಣೆಯಲ್ಲೂ ಮೇಜು ಗುದ್ದಿದೆಯಂತೆ. ಅವರೂ ಮನುಷ್ಯರೇ. ನಿನ್ನ ಅರ್ಜಿ ಈಗ ಎಷ್ಟು ಅಡಿಯಲ್ಲಿ ಬಿದ್ದಿದೆಯೋ.

ಒಂದು ಮಾತು ಕೇಳುತ್ತೇನೆ. ಅಮ್ಮ ನಿನ್ನ ಹತ್ತಿರವೇ ಏಕೆ ಉಳಿದಳು? ನನ್ನ ಮನೆಯಲ್ಲಿ ಅವಳಿಗೆಂದು ಒಂದು ಕೋಣೆ, ಕೋಣೆಗೆ ಹೊಂದಿಕೊಂಡೇ ಬಚ್ಚಲು, ಮೆತ್ತನೆಯ ಹಾಸಿಗೆ ಎಲ್ಲ ಮಾಡಿಸಿದ್ದೆ. ಎರಡು ವಾರಕ್ಕೇ ಎದ್ದು ನಿನ್ನ ಮನೆಗೆ ಬಂದಳು. ಅಲ್ಲಿ ಕೂತರೂ ತಪ್ಪು ನಿಂತರೂ ತಪ್ಪು ಎಂದಳಂತೆ. ನೀನು ಅವಳನ್ನು ಲೇ ಮುದುಕಿ ಎನ್ನುತ್ತೀಯ, ಅವಳು ನಿನ್ನನ್ನು ಹಾಳಾದವಳೆ ಎನ್ನುತ್ತಾಳೆ, ಇಬ್ಬರೂ ಒಂದೇ ತಟ್ಟೆಗೆ ಕೈ ಹಾಕಿ ತಿನ್ನುತ್ತೀರಿ. ನಾನು ಬಂದರೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂರುತ್ತಾಳೆ. ಹೆತ್ತವಳು ಮಗಳ ಮುಂದೆ ಹಾಗೆ ಕೂತರೆ ಹೇಗಿರುತ್ತದೆ ಎಂದು ನಿನಗೆ ಗೊತ್ತಿಲ್ಲ. ನಾನು ಸಹಿಸಿಕೊಂಡೆ. ಇಷ್ಟು ಪ್ರೀತಿ ತೋರಿಸುವ ನೀನು ಅವಳ ಕಾಲಿನ ಉಗುರು ಕತ್ತರಿಸಿ ಎಷ್ಟು ದಿನವಾಗಿತ್ತು? ಹಿಮ್ಮಡಿ ಬಿರಿದು ರಕ್ತ ಬಂದದ್ದನ್ನಾದರೂ ನೋಡಿದ್ದೆಯಾ?

ಆದದ್ದು ಆಯಿತು. ನಿನಗೆ ಬರೆಯಲು ಬರುವುದಿಲ್ಲ, ಆದ್ದರಿಂದ ನಾನೇ ಬರೆದು ಕೊಡುತ್ತಿದ್ದೇನೆ. ಒಂದಕ್ಷರ ಬದಲಿಸದೆ ಕಳಿಸು. ಎಲ್ಲ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ, ನನ್ನ ಒರಟು ಮಾತಿನಿಂದ ತಮ್ಮೆಲ್ಲರ ಮನಸ್ಸು ನೋಯಿಸಿದ್ದೇನೆ, ವಿಶೇಷವಾಗಿ ಬ್ಯಾಂಕ್ ಮ್ಯಾನೇಜರ್ ಅವರ ಮತ್ತು ನನ್ನ ಅಕ್ಕನವರ ಕ್ಷಮೆ ಕೋರುತ್ತೇನೆ, ಅವರು ನನ್ನನ್ನು ತಿದ್ದಿದ್ದಕ್ಕೆ ಋಣಿಯಾಗಿದ್ದೇನೆ. ಇಷ್ಟೇ. ಅಮ್ಮನ ವಿಷಯ ಇದರಲ್ಲಿ ತರಬೇಡ, ಕನಿಕರ ಗಿಟ್ಟಿಸಲು ಬರೆದಂತೆ ಕಾಣುತ್ತದೆ. ಅಕ್ಕನವರು ಎನ್ನುವುದನ್ನು ಮಾತ್ರ ಬಿಡಬೇಡ.

ನಾಳೆ ಬೆಳಿಗ್ಗೆಯೊಳಗೆ ಕಳಿಸಿದರೆ ಮೇಷ್ಟ್ರನ್ನು ನಾನು ಒಪ್ಪಿಸುತ್ತೇನೆ. ನಿನ್ನ ಮೇಲೆ ನನಗೆ ದ್ವೇಷವಿಲ್ಲ. ಚಿಕ್ಕವಳಿದ್ದಾಗ ನಿನಗೆ ಜಡೆ ಹೆಣೆದವಳು ನಾನು, ನೀನು ತಲೆ ಅಲ್ಲಾಡಿಸಿದರೆ ಬಾಚಣಿಗೆಯಲ್ಲೇ ಕುಟ್ಟುತ್ತಿದ್ದೆ. ಕೊನೆಗೆ ಜಡೆ ಎಷ್ಟು ಚೆನ್ನಾಗಿ ಕೂರುತ್ತಿತ್ತು.

ಊಟ ಮಾಡು. ವ್ಯಾನು ಓಡಿಸುವವಳು, ಕಣ್ಣು ಕತ್ತಲೆ ಬಂದರೆ ಯಾರದೋ ಮಕ್ಕಳ ಗತಿಯೇನು?

ಸದಾ ನಿನ್ನ ಒಳ್ಳೆಯದನ್ನೇ ಬಯಸುವ,
ನಿನ್ನ ಅಕ್ಕ

ತಾ.ಕ.: ಅಮ್ಮನನ್ನು ಹುಡುಕಿಕೊಂಡು ಇನ್ನು ಅಲೆಯಬೇಡ. ಮಂಗಳವಾರ ಮಧ್ಯಾಹ್ನದಿಂದ ಅವಳು ನನ್ನ ಹತ್ತಿರವೇ ಇದ್ದಾಳೆ. ಮೂಲೆಯ ಬೇಕರಿಯವರು ಅಂಗಡಿಯಲ್ಲಿ ಕೂರಿಸಿಕೊಂಡು, ಗುಂಪಿನಲ್ಲಿ ಗದ್ದಲ ಮಾಡದೆ ನನಗೊಬ್ಬಳಿಗೇ ಬರೆದು ತಿಳಿಸಿದರು, ನಮಸ್ಕಾರ ಹೇಳಿಯೇ ಶುರು ಮಾಡಿದ್ದರು. ಮಗಳಿಗೆ ತಿಳಿಸಿಬಿಡಿ ಮೇಡಂ ಎಂದರು. ನಾನೂ ಮಗಳೇ ತಾನೇ. ಕಂಬದ ಮೇಲಿನ ಫೋಟೋ ನೋಡಿ ನಿನ್ನೆ ಮತ್ತೆ ಕೇಳಿದರು, ಅದು ಹಳೆಯದು, ಕೀಳುವುದು ಮರೆತಿದೆ ಎಂದೆ. ನೀನು ಗೇಟು ಒದೆಯುವಾಗ ಅಮ್ಮ ಒಳಗೆ ಬನ್ನು ತಿನ್ನುತ್ತಿದ್ದಳು. ನಿನ್ನ ದನಿ ಕೇಳಿ ಎದ್ದು ಓಡಿ ಬಂದಳು, ಕೋಣೆಗೆ ಕಳಿಸಿ ಹೊರಗಿಂದ ಅಗಳಿ ಹಾಕಬೇಕಾಯಿತು. ಕ್ಷಮಾಪಣೆ ಗುಂಪಿಗೆ ಬರಲಿ, ಎಲ್ಲರೂ ಓದಲಿ, ಆಮೇಲೆ ಬಂದು ಕರೆದುಕೊಂಡು ಹೋಗು. ಅವಳಿಗೆ ಏನೂ ಕಡಿಮೆ ಮಾಡಿಲ್ಲ. ನನ್ನ ಗುರುತು ಮಾತ್ರ ಹತ್ತಿಲ್ಲ. ಉಗುರು ಕತ್ತರಿಸುವಾಗ, ಬೇಡಿ ತಾಯಿ, ನೀವು ದೊಡ್ಡವರು, ನನ್ನ ಕಾಲು ಮುಟ್ಟಬಾರದು ಎಂದು ಕಾಲು ಎಳೆದುಕೊಂಡಳು. ನನಗೆ ಅಳು ಬಂತು. ಈಗಷ್ಟೇ, ನಾನು ಇದನ್ನು ಬರೆಯುತ್ತಿರುವಾಗ, ಬಾಗಿಲಲ್ಲಿ ನಿಂತು ಕೈಮುಗಿದು ಕೇಳಿದಳು: "ಮೇಡಮ್ಮೋರೆ, ನನ್ನಿಂದ ಏನಾದ್ರೂ ತಪ್ಪಾಗಿದ್ರೆ ದಯವಿಟ್ಟು ಕ್ಷಮಿಸಿ. ನಮ್ಮ ಗುಬ್ಬೀನ ಒಂದ್ಸಲ ಕರೆಸಿಕೊಡ್ತೀರಾ?" ನೋಡು, ಕೇಳುವುದೆಂದರೆ ಹೀಗೆ.