ವಾಟರ್ಲೂ ಹೊಲದ ಎಲುಬು

ಪ್ಲಾನ್ಸೆನ್ವಾ
ಸೋಮವಾರ, ೨೦ ಜೂನ್ ೧೮೩೬

ಪ್ರೀತಿಯ ಮಗಳೇ ಕ್ಲೆಮಾನ್ಸ್,

ಹೇಗಿದ್ದೀಯಮ್ಮ? ನಿನ್ನ ಕೆಮ್ಮು ನಿಂತಿತೆ? ನಾಮೂರ್ ಪಟ್ಟಣದ ನಿಮ್ಮ ಕನ್ಯಾಮಠದ ಕಲ್ಲುನೆಲ ಬೇಸಿಗೆಯಲ್ಲೂ ತಣ್ಣಗಿರುತ್ತದಂತೆ. ಪ್ರಾರ್ಥನೆಗೆ ಮಂಡಿಯೂರುವಾಗ ಕೆಳಗೆ ಏನಾದರೂ ಹಾಸಿಕೋ, ಹಿರಿಯ ಸಿಸ್ಟರ್ ಬೈದರೆ ಅಪ್ಪ ಹೇಳಿದ್ದಾರೆ ಅನ್ನು. ನಿನ್ನ ಅಮ್ಮ ಆರೋಗ್ಯವಾಗಿದ್ದಾಳೆ. ಆದರೆ ಮೊನ್ನೆಯಿಂದ ನನ್ನ ಜೊತೆ ಮಾತಿಲ್ಲ. ಯಾಕೆಂದು ಮುಂದೆ ಬರೆಯುತ್ತೇನೆ. ಕೆಂದ ಹಸು ಹೆಣ್ಣುಕರು ಹಾಕಿದೆ. ನನ್ನ ಅಕ್ಷರ ನಿನಗೇ ಗೊತ್ತಲ್ಲ, ತಪ್ಪಿದ್ದರೆ ತಿದ್ದಿಕೊಂಡು ಓದು.

ಹದಿನೆಂಟನೇ ತಾರೀಕು ಬಾಸ್ತಿನ್ ಅಜ್ಜಿ ಬಂದರೆ ನಿನ್ನ ನಮಸ್ಕಾರ ತಿಳಿಸಿ, ಪೇರ್ ಮರದ ಕೆಳಗೆ ನಿನ್ನ ಪರವಾಗಿ ಹೂವಿಡಬೇಕೆಂದು ನೀನು ಬರೆದಿದ್ದೆ. ಅಜ್ಜಿ ಬಂದಿದ್ದರು. ನಮಸ್ಕಾರ ಹೇಳಿದೆ. ಹೂವಿಡಲಿಲ್ಲ. ಇಡಲು ಕೈ ಬರಲಿಲ್ಲ, ಮಗಳೇ.

ವಾಟರ್ಲೂ ಯುದ್ಧ ಮುಗಿದಾಗ ನೀನು ಇನ್ನೂ ನಡೆಯಲೂ ಕಲಿಯದ ಕೂಸು. ನಿನ್ನನ್ನೂ ಅಮ್ಮನನ್ನೂ ಕಾಡಿನಲ್ಲಿ ಬಿಟ್ಟು ನಾನು ಊರಿಗೆ ಮರಳಿದೆ. ಅರ್ಧ ಊರು ಸುಟ್ಟುಹೋಗಿತ್ತು. ಸೈನಿಕರು ನಮ್ಮ ಕೈಗೆ ಗುದ್ದಲಿ ಕೊಟ್ಟು ಹೆಣಗಳನ್ನು ಹೂಳಿ ಎಂದರು. ಮೂರು ದಿನ ಮೂಗಿಗೆ ಬಟ್ಟೆ ಕಟ್ಟಿಕೊಂಡು ಎಳೆದು ಎಳೆದು ಹಾಕಿದೆವು. ನಮ್ಮ ತೋಟದ ಗುಂಡಿಯೊಂದಕ್ಕೇ ನಲವತ್ತಕ್ಕೂ ಹೆಚ್ಚು ಹೆಣ. ಅದರಲ್ಲಿ ನೆಪೋಲಿಯನ್ನನ ಕಡೆಯ ಒಬ್ಬ ಹುಡುಗ ಪೇರ್ ಮರಕ್ಕೆ ಒರಗಿ ಕೂತಂತೆಯೇ ಸತ್ತಿದ್ದ. ಕೊರಳಲ್ಲಿ ಮನೆಯಲ್ಲಿ ಹೆಣೆದ ಹಸಿರು ಉಣ್ಣೆಯ ಪಟ್ಟಿ, ಅದೂ ಜೂನ್ ತಿಂಗಳ ಸೆಕೆಯಲ್ಲಿ. ಅದನ್ನು ಬಿಚ್ಚಿಕೊಳ್ಳಲು ಮನಸ್ಸಾಗದೆ ಹಾಗೇ ಹೂತೆ. ಎರಡು ವರ್ಷವಾದ ಮೇಲೆ ಬಾಸ್ತಿನ್ ಅಜ್ಜಿ ಊರೂರು ವಿಚಾರಿಸುತ್ತಾ ನಮ್ಮ ಬಾಗಿಲಿಗೆ ಬಂದು, “ಹಸಿರು ಪಟ್ಟಿ ಹಾಕ್ಕೊಂಡಿದ್ದ ಹುಡುಗನ್ನ ಕಂಡಿದ್ರಾ?” ಎಂದಾಗ ಆ ಜಾಗವನ್ನು ತೋರಿಸಿದವನೂ ನಾನೇ. ಅವರು ನನ್ನ ಎರಡೂ ಕೈಗಳಿಗೆ ಮುತ್ತಿಟ್ಟರು. ಅವತ್ತಿನಿಂದ ಆ ತುಂಡು ನೆಲಕ್ಕೆ ನೇಗಿಲು ಹಾಕಿರಲಿಲ್ಲ. ಪ್ರತಿ ಜೂನ್‌ನಲ್ಲೂ ನೀನು ಅವರ ಬೆರಳು ಹಿಡಿದು ಅಲ್ಲಿಗೆ ಕರೆದೊಯ್ಯುತ್ತಿದ್ದೆ.

ಆ ಗುಂಡಿ ಈಗ ಖಾಲಿ, ಕ್ಲೆಮಾನ್ಸ್. ನಾನೇ ಖಾಲಿ ಮಾಡಿಸಿದೆ.

ಸಕ್ಕರೆ ಕಾರ್ಖಾನೆಗಳವರಿಗೆ ಎಲುಬು ಬೇಕು. ಅದನ್ನು ಸುಟ್ಟು ಇದ್ದಿಲು ಮಾಡಿ, ಬೀಟ್ ಗೆಡ್ಡೆಯ ಪಾಕವನ್ನು ಅದರಲ್ಲಿ ಸೋಸಿದರೆ ಸಕ್ಕರೆ ಬೆಳ್ಳಗಾಗುತ್ತದಂತೆ. ಹೋದ ವರ್ಷದಿಂದ ದಲ್ಲಾಳಿಗಳು ಹೊಲ ಹೊಲ ಸುತ್ತುತ್ತಿದ್ದಾರೆ. ಅಗೆಯಬಾರದೆಂದು ಸರ್ಕಾರದ ಆಜ್ಞೆಯಿದೆ, ಕೇಳುವವರಿಲ್ಲ. ಮೊದಮೊದಲು ನಾನು ಒಪ್ಪಲಿಲ್ಲ. ನಿನ್ನ ಸೋದರಮಾವ ಗಿಸ್ಲೆನ್ ಹೆಂಡದಂಗಡಿಯಲ್ಲಿ ಎಲ್ಲರೆದುರು, “ನಮ್ ಭಾವ ಸತ್ತೋರನ್ನ ಕಾಯೋ ಕೆಲ್ಸಕ್ಕೆ ಸೇರ್ಕೊಂಡವ್ನೆ ಕಣ್ರೋ! ಏನ್ ಭಾವಾ, ಅವ್ರು ಸಂಬಳ ಕೊಡ್ತಾರಾ?” ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಯಲ್ಲಿ ಊಟಕ್ಕೆ ಕೊರತೆಯಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಊರವರೆಲ್ಲ ಮಾರುವಾಗ ನಾನೊಬ್ಬನೇ ಪೆದ್ದನಾಗಬಾರದು ಅನ್ನಿಸಿತು, ಅಷ್ಟೇ. ಮಾರ್ಚ್‌ನಲ್ಲಿ ಒಂದು ಭಾನುವಾರ, ನಿನ್ನ ಅಮ್ಮ ಚರ್ಚಿನ ಬಲಿಪೂಜೆಗೆ ಹೋಗಿದ್ದಾಗ, ಗಾಡಿ ತರಿಸಿದೆ. ಸಲಿಕೆಯವರು ಸೌದೆ ತುಂಬಿದ ಹಾಗೆ ತುಂಬಿದರು. ಒಂದು ಕಡೆ ಮಣ್ಣಿನೊಳಗೆ ಹಸಿರು ಎಳೆ ಕಂಡಿತು. ನಾನು ತಿರುಗಿ ಕೊಟ್ಟಿಗೆಗೆ ಹೋದೆ. ಬಂದ ಹಣದಲ್ಲಿ ಚಾವಣಿಗೆ ಹೊಸ ಹೆಂಚು ಹಾಕಿಸಿದೆ. ಹೋದ ಪತ್ರದಲ್ಲಿ ಅದನ್ನು ಎಷ್ಟು ಜಂಬದಿಂದ ಬರೆದಿದ್ದೆ ನೋಡು.

ಶನಿವಾರ ಅಜ್ಜಿ ಬಾಡಿಗೆ ಗಾಡಿಯಲ್ಲಿ ಬಂದರು. ಈ ಸಲ ಎರಡು ಕೋಲು ಹಿಡಿದಿದ್ದರು. ನಾನು ಹುಲ್ಲಿನ ಮನೆಯೊಳಗೆ ನುಸುಳಲು ಹೊರಟೆ. ನಿನ್ನ ಅಮ್ಮ ಬಾಗಿಲಿಗೆ ಅಡ್ಡ ನಿಂತು, “ನೀವೇ ಅಗೆಸಿದ್ದಲ್ವಾ? ನೀವೇ ಹೋಗಿ ಮುಖ ತೋರ್ಸಿ” ಎಂದಳು. ಅದೇ ಅವಳು ನನ್ನೊಂದಿಗೆ ಆಡಿದ ಕೊನೆಯ ಮಾತು. ಅಜ್ಜಿ ಪೇರ್ ಮರದ ಹತ್ತಿರ ನಿಂತು ಕೆಳಗೆ ನೋಡುತ್ತಿದ್ದರು. ಅಲ್ಲಿ ಬೀಟ್ ಎಲೆ ಮೊಳಕಾಲುದ್ದ ಎದ್ದಿದೆ. “ಇಲ್ಲೂ ಬೀಟ್ ಹಾಕ್ದ್ಯೇನಪ್ಪಾ ಲಾಂಬೇರ್?” ಎಂದರು. ನಾನು ಬಗ್ಗಿ ಒಂದು ಕಳೆ ಕಿತ್ತೆ. ಅವರೇ, “ಇರ್ಲಿ ಬಿಡು. ಸಿಹಿ ಅಂದ್ರೆ ಪ್ರಾಣ ಬಿಡ್ತಿದ್ದ ನನ್ ಮಗ” ಎಂದು ನಕ್ಕರು.

ಆಮೇಲೆ ಬಂದ ಕೆಲಸ ಹೇಳಿದರು. “ಮುಂದಿನ ವರ್ಷಕ್ಕೆ ನಾನಿರಲ್ಲ. ನಮ್ಮೂರ ಪಾದ್ರಿಗಳು ಒಪ್ಪಿದಾರೆ, ಇಗರ್ಜಿ ಪಕ್ಕ ಜಾಗ ಕೊಡ್ತಾರೆ. ಅವನದೊಂದು ಎಲುಬು ತೆಗೆದ್ಕೊಡು. ಮೊದ್ಲು ಅದನ್ನ ಹೂಳ್ತಾರೆ, ಆಮೇಲೆ ನನ್ನ. ಅವನದೇ ಅಂತ ಗೊತ್ತಾಗದಿದ್ರೂ ಪರವಾಗಿಲ್ಲ. ಪಕ್ಕದಲ್ಲಿ ಮಲಗಿದ್ದೋನದಾದ್ರೂ ಸರಿ. ಅವನಿಗೂ ಒಬ್ಳು ತಾಯಿ ಇದ್ದಿರ್ತಾಳೆ.”

ಆಗಲೇ ಅವರ ಕಾಲಿಗೆ ಬೀಳಬೇಕಿತ್ತು. ಬದಲಿಗೆ, ಒಳಗೆ ಕೂತು ಕಾಫಿ ಕುಡಿಯಿರಿ, ತರುತ್ತೇನೆ ಎಂದೆ. ಸ್ವಲ್ಪ ಹೊತ್ತಿಗೆ ಒಂದು ಎಲುಬು ತಂದುಕೊಟ್ಟೆ. ಅಜ್ಜಿ ಅದಕ್ಕೆ ಮುತ್ತಿಟ್ಟು, ತಲೆಗೆ ಕಟ್ಟಿದ್ದ ವಸ್ತ್ರ ಬಿಚ್ಚಿ ಅದರಲ್ಲಿ ಸುತ್ತಿ, ಕೂಸನ್ನು ಎತ್ತಿಕೊಂಡ ಹಾಗೆ ಮಡಿಲಲ್ಲಿ ಇಟ್ಟುಕೊಂಡರು. “ಇಪ್ಪತ್ತೊಂದು ವರ್ಷ ನೀನು ನನ್ ಮಗನ್ನ ನೋಡ್ಕೊಂಡೆ. ದೇವರು ನಿನ್ ಮನೆ ತಂಪಾಗಿಟ್ಟಿರ್ಲಿ” ಎಂದರು. ನಿನ್ನ ಅಮ್ಮ ಎದ್ದು ಹಿತ್ತಲಿಗೆ ಹೋದಳು. ನಾನು ಆಶೀರ್ವಾದ ಕೇಳುತ್ತಾ ನಿಂತೆ. ಅಜ್ಜಿ ಜಾಂಬ್ಲೂ ಊರಿನಲ್ಲಿ ತಮ್ಮ ತಂಗಿಯ ಮನೆಯಲ್ಲಿ ಉಳಿದು, ಗುರುವಾರ ನಿಮ್ಮ ಮಠಕ್ಕೆ ಬರುತ್ತಾರೆ. ಆ ಎಲುಬಿನ ಮುಂದೆ ನೀನು ಪ್ರಾರ್ಥನೆ ಹೇಳಬೇಕಂತೆ. ಭಾನುವಾರ ಅವರ ಊರಿನಲ್ಲಿ ಪೂಜೆ ಮಾಡಿ ಹೂಳುತ್ತಾರೆ.

ಮಠದ ಎಲ್ಲ ಸಿಸ್ಟರುಗಳಿಗೂ ನನ್ನ ನಮಸ್ಕಾರ. ನಿನಗೆ ಆಶೀರ್ವಾದ ಬರೆಯುವ ಯೋಗ್ಯತೆ ಇವತ್ತು ನನಗಿಲ್ಲ. ನಿನ್ನ ಅಮ್ಮನ ಆಶೀರ್ವಾದ ತಗೋ.

ನಿನ್ನ ಅಪ್ಪ,
ಲಾಂಬೇರ್

ಇದನ್ನು ಮರೆತಿರಲಿಲ್ಲ, ಮೇಲೆ ಬರೆಯಲು ಹೆದರಿದೆ: ಗಾಡಿಯವರು ಗುಂಡಿಯಲ್ಲಿ ಒಂದು ಚೂರನ್ನೂ ಬಿಟ್ಟಿರಲಿಲ್ಲ. ನಾನು ಕೊಟ್ಟದ್ದು ಕೊಟ್ಟಿಗೆಯ ಹಿಂದೆ ಬಿದ್ದಿದ್ದ ಕುದುರೆಯ ಎಲುಬು, ತೊಳೆದು ಕೊಟ್ಟೆ. ನಿನ್ನ ಅಮ್ಮ ಅದನ್ನು ಕಿಟಕಿಯಿಂದ ನೋಡಿದಳು. ಗುರುವಾರ ಅಜ್ಜಿ ಬಂದಾಗ ಅದರ ಮುಂದೆ ಪ್ರಾರ್ಥನೆ ಹೇಳಬೇಡ, ಏನನ್ನೂ ತಿಳಿಸಲೂ ಬೇಡ. ಹೇಗಾದರೂ ಕೂರಿಸಿಕೊಂಡಿರು. ಈ ಕಾಗದವನ್ನು ಅಂಚೆ ಗಾಡಿಗೆ ಕೊಟ್ಟು ನಾಳೆ ಮುಂಜಾನೆ ನಿಮ್ಮ ಮಠಕ್ಕೆ ನಡೆದು ಹೊರಡುತ್ತೇನೆ. ಅದನ್ನು ಅವರಿಗೆ ನನ್ನ ಬಾಯಿಂದಲೇ ಹೇಳಬೇಕು.