ಗಂಟೆಯ ಹಾಗೆ ನುಡಿದ ತಾರಸಿ

ಮನೆಯಿಂದ,
ಗುರುವಾರ ಸಂಜೆ

ಪ್ರೀತಿಯ ಕಿವಿ ಮೇಸ್ತ್ರಿಗಳಿಗೆ,

ಹೇಗಿದ್ದೀರಿ? ಕೆಮ್ಮು ಇಳಿಯಿತೇ? ನಾನು ಕಳಿಸಿದ ಮಫ್ಲರ್ ಕಟ್ಟಿಕೊಳ್ಳುತ್ತಿದ್ದೀರೋ, ಇಲ್ಲ ಕಿವಿ ಮುಚ್ಚಿದರೆ ಕೆಲಸ ಕೆಡುತ್ತದೆಂದು ಗೂಟಕ್ಕೆ ನೇತುಹಾಕಿದ್ದೀರೋ? ಮೈದುನ ಹೊತ್ತಿಗೆ ಸರಿಯಾಗಿ ಉಣ್ಣುತ್ತಾನಾ? ಇಲ್ಲಿ ಅತ್ತೆಯವರ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಚುರುಕಾಗಿದೆ. ಸಂಜೆ ನಾನು ಚೀಲ ಹೆಗಲಿಗೇರಿಸಿದರೆ ಸಾಕು, "ಮೇಸ್ತ್ರಿ ಹೆಂಡ್ತಿಗೆ ಮನೆ ಕಟ್ಟೋದು ಕಲಿಸೋಕೆ ಕಾಲೇಜು ಬೇಕಾ?" ಎಂದು ಶುರುಮಾಡುತ್ತಾರೆ. ಆದರೆ ನಾನು ತಿರುಗಿ ಬರುವತನಕ ಬಾಗಿಲ ದೀಪ ಆರಿಸುವುದಿಲ್ಲ. ನೀವೂ ಇದೇ ಮಾತು ಆಡಿದವರೇ, ಪ್ರವೇಶದ ದಿನ ನನ್ನ ಬದಲು ಸಾಲಿನಲ್ಲಿ ನಿಂತವರೂ ನೀವೇ. ತಾಯಿಗೆ ತಕ್ಕ ಮಗ.

ಸಮುದಾಯ ಕಾಲೇಜಿನ ನಮ್ಮ ತರಗತಿ ಹಳೆಯ ಬಡಗಿ ಶೆಡ್ಡಿನಲ್ಲಿ ನಡೆಯುತ್ತದೆ. ಕಟ್ಟಡ ನಿಯಮಗಳ ಪುಸ್ತಕ ಎಷ್ಟು ದಪ್ಪವೆಂದರೆ, ಅತ್ತೆ ಒಂದು ದಿನ ಅದನ್ನು ಹಿಟ್ಟಿನ ಡಬ್ಬಿಯ ಮೇಲೆ ಭಾರಕ್ಕಿಟ್ಟಿದ್ದರು. ಮೊದಮೊದಲು ಹಿಂದಿನ ಬೆಂಚಿನ ವೆಲ್ಡರ್ ಜೊತೆಗೆ ನಾನೂ ತೂಕಡಿಸುತ್ತಿದ್ದೆ. ಈಗ ಎಲ್ಲಿಗೆ ಹೋದರೂ ನೆಮ್ಮದಿಯಿಲ್ಲ. ದರ್ಜಿ ಅಂಗಡಿಯ ಮೆಟ್ಟಿಲಿಗೆ ಹಿಡಿದುಕೊಳ್ಳಲು ಕಂಬಿ ಇಲ್ಲ, ಸಿನಿಮಾ ಮಂದಿರದ ಹಿಂಬಾಗಿಲು ಒಳಗೆ ತೆರೆಯುತ್ತದೆ, ಅದಕ್ಕೆ ಬೀಗ ಬೇರೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ನೀವು ನಗುತ್ತೀರಿ, ಗೊತ್ತು. ನಗಿ. ಆದರೆ ಇವತ್ತು ಬರೆಯುತ್ತಿರುವುದು ದರ್ಜಿಯ ಮೆಟ್ಟಿಲಿನ ಮಾತಲ್ಲ.

ಕಳೆದ ಭಾನುವಾರ ನೀವು ಸೈಟಿನಲ್ಲಿ ಸಿಗ್ನಲ್ ಸಿಗದೆ ಇಳಿಜಾರಿನ ಕೆಳಗೆ ಬಂದು ಫೋನ್ ಮಾಡಿದಾಗ ಏನಂದಿರಿ, ನೆನಪಿದೆಯಾ? ಬೆಳಿಗ್ಗೆ ಬಕೆಟ್ಟಿನ ನೀರು ಗಾಜಿನ ಹಾಗೆ ಗಟ್ಟಿಯಾಗಿರುತ್ತದೆ ಎಂದಿರಿ. ಆಮೇಲೆ, "ಹೊಸ ತಾರಸಿ ಬಡಿದು ನೋಡ್ದೆ ಕಣೇ, ಗಂಟೆ ಹೊಡೆದ ಹಾಗೆ ನುಡೀತಿದೆ. ನಾಳೆ ಬೇಡ, ಆಚೆ ಸೋಮವಾರ ಬರಲಿ, ತಾರಸಿ ಹೊತ್ತಿರೋ ಸೆಂಟ್ರಿಂಗ್ ಕಂಬ ಬಿಚ್ಚಿ ಮೇಲಿನ ಅಂತಸ್ತಿಗೆ ಕಳಿಸ್ತೀನಿ. ಈ ಟಾರ್ಪಾಲಿನ್ ಗುಡಿಸಲು ಸಾಕಾಗೋಯ್ತು" ಎಂದಿರಿ. ನಾನು ಹಿಗ್ಗಿದೆ. ನಿಮ್ಮ ಕಿವಿಯ ಮೇಲೆ ನನಗಿರುವ ನಂಬಿಕೆ ಅಂಥದ್ದು. ಮದುವೆಯಾದ ಹೊಸತರಲ್ಲಿ ನೀವು ಬೆರಳ ಗಿಣ್ಣಿನಿಂದ ತಟ್ಟಿ ಆರಿಸಿದ ಕಲ್ಲಂಗಡಿ ಒಂದೂ ಸಪ್ಪೆಯಾಗಿರಲಿಲ್ಲ. ಸುತ್ತಿಗೆಯ ಹಿಡಿಯಿಂದ ತಟ್ಟಿ ಕೇಳದೆ ನೀವು ಒಂದು ಕಂಬವನ್ನೂ ಬಿಚ್ಚಿದವರಲ್ಲ. ಇಷ್ಟು ವರ್ಷ ಒಂದು ತಾರಸಿಯೂ ಬಿರುಕು ಬಿಟ್ಟಿಲ್ಲ. ಆದರೆ ಆ ತಾರಸಿಗಳೆಲ್ಲ ಬೆಚ್ಚಗಿನ ಊರುಗಳಲ್ಲಿ ಎದ್ದವು. ಅಷ್ಟು ಚಳಿಯಿರುವ ಕಡೆ ನೀವು ಕೆಲಸ ಹಿಡಿದದ್ದು ಇದೇ ಮೊದಲು.

ನಿನ್ನೆ ನಮ್ಮ ಮೇಷ್ಟ್ರು ಎರಡು ಕಾಂಕ್ರೀಟ್ ತುಂಡು ತಂದು ಮೇಜಿನ ಮೇಲಿಟ್ಟರು. ಅವರು ಮೊದಲು ಕಟ್ಟಡ ತಪಾಸಣೆ ಮಾಡುತ್ತಿದ್ದವರು, ದನಿ ಎತ್ತಿ ಮಾತಾಡಿದ್ದನ್ನು ಯಾರೂ ಕೇಳಿಲ್ಲ. ಎರಡೂ ಒಂದೇ ಕಲಸು. ಒಂದನ್ನು ಕೋಣೆಯಲ್ಲಿಟ್ಟಿದ್ದರಂತೆ, ಇನ್ನೊಂದನ್ನು ಅಚ್ಚಿಗೆ ಸುರಿದ ಕೂಡಲೇ ಫ್ರೀಜರಿನಲ್ಲಿ. ಯಾವುದು ಗಟ್ಟಿ ಹೇಳಿ ಎಂದರು. ನಾನು ಮುಂದೆ ಹೋಗಿ ನಿಮ್ಮ ಹಾಗೆಯೇ ಗಿಣ್ಣಿನಿಂದ ತಟ್ಟಿದೆ. ಎರಡೂ ಚೆನ್ನಾಗಿ ನುಡಿದವು, ಫ್ರೀಜರಿನದು ಒಂದು ಕೈ ಹೆಚ್ಚೇ. ಇದೇ ಗಟ್ಟಿ ಎಂದೆ. ಮೇಷ್ಟ್ರು ಅದನ್ನು ಹೀಟರಿನ ಮೇಲಿಟ್ಟು, ಹಾಜರಿ ಕೂಗಿ, ಅಟ್ಟಣಿಗೆಯ ಪಾಠ ಮಾಡತೊಡಗಿದರು. ನನಗೆ ಪಾಠ ತಲೆಗೆ ಹತ್ತಲಿಲ್ಲ. ಆ ತುಂಡು ಬೆವರುತ್ತಿತ್ತು. ಪಾಠ ಮುಗಿದ ಮೇಲೆ ಮತ್ತೆ ತಟ್ಟು ಎಂದರು. ತಟ್ಟಿದರೆ ಸದ್ದೇ ಇಲ್ಲ, ಒದ್ದೆ ಮಣ್ಣು ಮುಟ್ಟಿದಂತಾಯಿತು. ಮೂಲೆ ಹಿಡಿದೆ, ಅದು ನನ್ನ ಕೈಯಲ್ಲೇ ಉದುರಿತು.

ಒಳಗಿನ ನೀರು ಹೆಪ್ಪುಗಟ್ಟಿದರೆ ಸಿಮೆಂಟು ಕೂಡಿಕೊಳ್ಳುವುದೇ ಇಲ್ಲವಂತೆ. ನುಡಿಯುವುದು ಕಾಂಕ್ರೀಟ್ ಅಲ್ಲ, ಮಂಜುಗಡ್ಡೆ. ಬಿಸಿ ತಾಗುವತನಕ ಅದು ಕಲ್ಲಿನ ಹಾಗೆ ನಿಂತಿರುತ್ತದೆ. ಎಲ್ಲರೂ ಹೋದ ಮೇಲೆ ನಾನು ಮೇಷ್ಟ್ರಿಗೆ ನಿಮ್ಮ ತಾರಸಿಯ ವಿಷಯ ಹೇಳಿದೆ. ಅವರು ಕನ್ನಡಕ ತೆಗೆದು, "ಕಂಬ ಇನ್ನೂ ಇದೆ ತಾನೇ?" ಎಂದರು. ಇದೆ ಎಂದೆ. ಬಾಗಿಲವರೆಗೆ ಬಂದು ಮತ್ತೆ ಅದನ್ನೇ ಕೇಳಿದರು. ನಿಮ್ಮ ಕಿವಿ ಸುಳ್ಳೆಂದು ನಾನು ಹೇಳುತ್ತಿಲ್ಲ, ಆ ತಾರಸಿ ನಿಮ್ಮ ಕಿವಿಗೆ ಸುಳ್ಳು ಹೇಳುತ್ತಿದೆ. ಪರೀಕ್ಷೆ ಮಾಡುವವರು ಬಂದು ನೋಡುವತನಕ ಒಂದು ಕಂಬವನ್ನೂ ಮುಟ್ಟಬೇಡಿ, ನನ್ನಾಣೆ. ನನಗೆ ಭಯವಾಗಿದೆ. ಅತ್ತೆಗೆ ಏನೂ ಹೇಳಿಲ್ಲ. ಅವರ ಇಬ್ಬರು ಮಕ್ಕಳೂ ಅಲ್ಲೇ ಇದ್ದೀರಿ.

ನಿಮ್ಮ ಸೈಟಿನ ಎಲೆಕ್ಟ್ರಿಷಿಯನ್ ವೈರ್ ಸುರುಳಿ ಒಯ್ಯಲು ಬಂದಿದ್ದಾನಂತೆ, ಸಂಜೆ ಬಸ್ಸಿಗೆ ಹೊರಡುವ ಮುಂಚೆ ಇತ್ತ ಬಂದು ಹೋಗು ಎಂದು ಹೇಳಿಕಳಿಸಿದ್ದೇನೆ. ಅವನ ಕೈಯಲ್ಲೇ ಈ ಕಾಗದ ಕೊಡುತ್ತೇನೆ. ಅತ್ತೆಯ ಆಶೀರ್ವಾದ ಇಬ್ಬರಿಗೂ. ಮೈದುನನಿಗೆ ನನ್ನ ನೆನಪು ಹೇಳಿ.

ನಿಮ್ಮ,
ಕಾಲೇಜು ಹುಡುಗಿ

ತಾ.ಕ.: ಎಲೆಕ್ಟ್ರಿಷಿಯನ್ ಬಂದಿದ್ದಾನೆ, ನಿಂತೇ ಟೀ ಕುಡಿಯುತ್ತಿದ್ದಾನೆ. ಈಗಷ್ಟೇ ಹೇಳಿದ: "ಅಕ್ಕಾ, ಸೋಮವಾರ ಯಾಕೆ, ಕಂಬ ನಿನ್ನೆನೇ ಬಿಚ್ಚಾಯ್ತು. ಇವತ್ತಿಂದ ಎಲ್ರೂ ಅದರಡೀಲೇ ಮಲಗೋದು, ಡ್ರಮ್ಮಲ್ಲಿ ಬೆಂಕಿ ಹಾಕ್ಕೊಂಡು." ಗುತ್ತಿಗೆದಾರರ ಆಫೀಸಿಗೆ ಫೋನ್ ಮಾಡಿದೆ. "ನಿಮ್ಮ ಯಜಮಾನರಿಗೆ ಗೊತ್ತಿಲ್ದೇ ಇರೋದಾ ಅಮ್ಮಾ" ಎಂದು ಇಟ್ಟುಬಿಟ್ಟರು. ಮೇಷ್ಟ್ರಿಗೆ ಮಾಡಿದರೆ ಎತ್ತುತ್ತಿಲ್ಲ. ಬಸ್ಸು ಬೆಳಗಾಗುವ ಹೊತ್ತಿಗೆ ಮುಟ್ಟುತ್ತದಂತೆ. ಈ ಮಗ್ಗುಲು ಹೊರಗೆ ಬರುವಂತೆ ಮಡಚುತ್ತಿದ್ದೇನೆ, ಒಳಗಿನದನ್ನು ಆಮೇಲೆ ಓದಿ. ಹಾಸಿಗೆ ಬಿಡಿ, ಬೆಂಕಿ ಆರಿಸಲೂ ನಿಲ್ಲಬೇಡಿ, ತಮ್ಮನ ಕೈ ಹಿಡಿದು ಹೊರಗೆ ಬನ್ನಿ, ಮಿಕ್ಕವರನ್ನು ಹೊರಗಿನಿಂದ ಕೂಗಿ. ತಾರಸಿ ಬೀಳದಿದ್ದರೆ ಊರೆಲ್ಲ ನನ್ನನ್ನು ನೋಡಿ ನಗಲಿ. ಅತ್ತೆ ಒಳಗಿನಿಂದ ಕೇಳುತ್ತಿದ್ದಾರೆ, "ಇಬ್ರೂ ಬೆಚ್ಚಗಿದ್ದಾರಂತಾ?" ಎಂದು. ಹೂಂ ಎಂದಿದ್ದೇನೆ.