ತಲುಪಿದ ದಿನದ ಲೆಕ್ಕ

ಡೇಲಿ ಸಿಟಿ, ಕ್ಯಾಲಿಫೋರ್ನಿಯಾ
ಏಪ್ರಿಲ್ 24, 2025

ಪ್ರೀತಿಯ ತಂಗಿ ಪಿನಾಂಗ್,

ನಿನಗೆ ನಿನ್ನ ಅಕ್ಕ ಲಾಲಿಂಗಳ ಮುತ್ತುಗಳು. ನಿನ್ನ ಮಗ ರೋಡೆಲ್‌ಗೆ ಆಶೀರ್ವಾದ, ನಮ್ಮ ರೂಢಿಯಂತೆ ಅವನು ನನ್ನ ಕೈ ಹಿಡಿದು ಹಣೆಗೆ ಮುಟ್ಟಿಸಿಕೊಂಡನೆಂದೇ ಇಟ್ಟುಕೊಳ್ಳೋಣ. ನಿನ್ನ ಕಾಗದ ಬಂದು ಐದು ವಾರವಾಯಿತು. ಉತ್ತರ ತಡವಾಯಿತೆಂದು ಬೈಯಬೇಡ, ಬೈಯಲೇಬೇಕೆಂದಿದ್ದರೆ ಮೆಲ್ಲಗೆ ಬೈ. ಕೆಲಸ ಹೆಚ್ಚಿತ್ತು ಎಂದು ನೆಪ ಹೇಳಬಹುದಿತ್ತು, ಆದರೆ ನನಗೆ ಕೆಲಸ ಹೆಚ್ಚಿಲ್ಲದ ದಿನ ಯಾವುದಿದೆ ಹೇಳು. ನಡುವೆ ಮೂರು ಸಲ ಫೋನಿನಲ್ಲಿ ಮಾತಾಡಿದೆವು ನಿಜ. ಫೋನು ಹಿಡಿದರೆ ನಾವಿಬ್ಬರೂ ನಮ್ಮೂರ ಇಲೊಯಿಲೊ ಪೇಟೆಯ ಮೀನು, ನನ್ನ ಮಂಡಿ ನೋವು, ನಿನ್ನ ಹೊಲಿಗೆ ಮಷೀನಿನ ಪೆಡಲು, ಇಷ್ಟು ಮುಗಿಸಿ ಇಟ್ಟುಬಿಡುತ್ತೇವೆ. ಆಡಬೇಕಾದ ಮಾತು ಕಾಗದಕ್ಕೇ ಉಳಿಯುತ್ತದೆ.

ಇಲ್ಲಿ ಈಗ ಮಂಜು. ಬೆಳಗಿನ ಹತ್ತು ಗಂಟೆಯಾದರೂ ನನ್ನ ಆಫೀಸಿನ ಕಿಟಕಿಯಿಂದ ಎದುರಿನ ಔಷಧಿ ಅಂಗಡಿ ಕಾಣುವುದಿಲ್ಲ. ಅದರ ಹಸಿರು ದೀಪ ಮಾತ್ರ ಯಾವ ಗೋಡೆಯ ಹಂಗೂ ಇಲ್ಲದೆ ಗಾಳಿಯಲ್ಲಿ ನಿಂತಿರುತ್ತದೆ. ಕೆಳಗಿನ ಬೇಕರಿಯಿಂದ ಬಿಸಿ ಪಾನ್ ದೆ ಸಾಲ್ ಬ್ರೆಡ್ಡಿನ ವಾಸನೆ ಮೆಟ್ಟಿಲು ಹತ್ತಿ ಬರುತ್ತದೆ, ಅದರ ಹಿಂದೆಯೇ ನಮ್ಮ ಜನ. ಆಸ್ಪತ್ರೆಯ ಪಾಳಿ ಮುಗಿಸಿ ಬಂದವರು ಕುರ್ಚಿಯಲ್ಲೇ ಕಣ್ಣು ಮುಚ್ಚುತ್ತಾರೆ. ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲ; ಅದರಲ್ಲಿ ಜನನ ಪತ್ರ, ಮದುವೆಯ ಪತ್ರ, ಚರ್ಚಿನ ಚೀಟಿ, ಸತ್ತವರ ಫೋಟೊ. ಹೆಸರು ಕರೆದರೆ ಬೆಚ್ಚಿ ಎದ್ದು, "ಅಟರ್ನಿ, ನಮ್ಮ ತಾರೀಖು ಬಂತಾ?" ಎಂದು ಕೇಳುತ್ತಾರೆ. ಮೂವತ್ತೊಂದು ವರ್ಷದಿಂದ ವಲಸೆಯ ವಕೀಲಳಾಗಿ ಈ ಪ್ರಶ್ನೆಗೆ ಉತ್ತರ ಹೇಳುವುದೇ ನನ್ನ ಉದ್ಯೋಗ. ಒಮ್ಮೊಮ್ಮೆ ಅವರು ಎಚ್ಚರವಾಗಿದ್ದಾರೋ ನಾನು ಮಲಗಿದ್ದೇನೋ ತಿಳಿಯುವುದಿಲ್ಲ.

ನಿನಗೆ ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಈಗ ಸರಿಯಾಗಿ ಬರೆಯುತ್ತೇನೆ, ರೋಡೆಲ್‌ಗೂ ಓದಿ ಹೇಳು. ಇಲ್ಲಿನ ಸರ್ಕಾರ ಪ್ರತಿ ತಿಂಗಳು ಒಂದು ಪಟ್ಟಿ ಹೊರಡಿಸುತ್ತದೆ. ಒಡಹುಟ್ಟಿದವರನ್ನು ಇಲ್ಲಿಗೆ ಕರೆಸಿಕೊಳ್ಳಲು ಹಾಕಿದ ಅರ್ಜಿಗಳಲ್ಲಿ, ಫಿಲಿಪ್ಪೀನ್ಸಿನವರಿಗೆ ಯಾವ ತಾರೀಖಿನವರೆಗೆ ಬಾಗಿಲು ತೆರೆದಿದೆ ಎಂದು ಅದರಲ್ಲಿರುತ್ತದೆ. ಒಂದು ತಿಂಗಳು ಅದು ವಾರದಷ್ಟು ಮುಂದೆ ಹೋಗುತ್ತದೆ, ಇನ್ನೊಂದು ತಿಂಗಳು ಅಲುಗುವುದಿಲ್ಲ, ಕೆಲವು ಸಲ ಬಂದ ದಾರಿಯಲ್ಲೇ ಹಿಂದಕ್ಕೆ ನಡೆಯುತ್ತದೆ. ಈ ಮಾರ್ಚ್ ತಿಂಗಳ ಪಟ್ಟಿ ನಿನ್ನ ತಾರೀಖನ್ನು ದಾಟಿತು. ಆಗಸ್ಟ್ 2004, ನಿನಗಾಗಿ ನಾನು ಹಾಕಿದ ಅರ್ಜಿಯ ತಾರೀಖು. ಓದಿದವಳು ಕೆಳಗಿಳಿದು ಹೋಗಿ, ಡಾಕ್ಟರು ಬೇಡವೆಂದ ಸಕ್ಕರೆ ಬೆಣ್ಣೆಯ ಎನ್ಸೈಮಾಡಾ ಬನ್ನು ಎರಡು ತಿಂದೆ. ನೀನು ಬರುತ್ತೀಯ, ಇಬ್ಬರೂ ಒಂದೇ ಅಡುಗೆಮನೆಯಲ್ಲಿ ಜಗಳವಾಡುತ್ತೇವೆ ಎಂದು ಖುಷಿಯೋ ಖುಷಿ. ರೋಡೆಲ್‌ನ ವಯಸ್ಸು ನೆನಪಾದದ್ದು ಎರಡನೆಯದು ತಿಂದ ಮೇಲೆ.

ಮಗ ತಾಯಿಯ ಜೊತೆ ಅದೇ ಅರ್ಜಿಯಲ್ಲಿ ಬರಬೇಕಾದರೆ ಇಪ್ಪತ್ತೊಂದು ತುಂಬಿರಬಾರದು. ಅವನಿಗೆ ಇಪ್ಪತ್ತೈದು. ಆದರೂ ಕಾನೂನಿನಲ್ಲಿ ಒಂದು ಕರುಣೆಯಿದೆ: ಅರ್ಜಿ ಒಪ್ಪಿಗೆಗಾಗಿ ಸರ್ಕಾರದ ಮೇಜಿನ ಮೇಲೆ ಎಷ್ಟು ಕಾಲ ಬಿದ್ದಿತ್ತೋ ಅಷ್ಟನ್ನು ಮಗುವಿನ ವಯಸ್ಸಿನಿಂದ ಕಳೆಯಬಹುದು. ಸ್ವಂತ ತಂಗಿಯ ಮಗನ ಲೆಕ್ಕ ಹಾಕಲು ನನಗೆ ಕೈ ಬರಲಿಲ್ಲ. ಆಫೀಸಿನ ಕಿರಿಯ ವಕೀಲ ಲಚಿಕಾನಿಗೆ ಫೈಲು ಕೊಟ್ಟೆ. ಅವನು ಹೊರಬಂದು ಬಾಗಿಲಲ್ಲೇ ನಿಂತ.

"ಇಪ್ಪತ್ತೊಂದು ವರ್ಷ, ಐದು ತಿಂಗಳು, ಅಟರ್ನಿ."

"ಇನ್ನೊಂದು ಸಲ ಹಾಕು."

"ಮೂರು ಸಲ ಹಾಕಿದೀನಿ."

"ನಾಲ್ಕನೇ ಸಲ ಹಾಕಿದ್ರೆ ನಿನ್ನ ಬೆರಳೇನು ಸವೆದುಹೋಗಲ್ಲ."

ಹಾಕಿದ. ಅದೇ ಬಂತು. ಇಪ್ಪತ್ತೈದು ವರ್ಷ ನಾಲ್ಕು ತಿಂಗಳಲ್ಲಿ ಮೂರು ವರ್ಷ ಹನ್ನೊಂದು ತಿಂಗಳು ಕಳೆದರೆ ಬೇರೆ ಏನು ಬರುತ್ತದೆ? "ಅರ್ಜಿಗೆ ಸಹಿ ಹಾಕಿದ ದಿನದಿಂದ ಎಣಿಸೋಕಾಗಲ್ವಾ?" ಎಂದು ಕೇಳಿದೆ. ಅವನಿಗೆ ನನ್ನನ್ನು ನೋಡಿ ಪಾಪ ಅನ್ನಿಸಿರಬೇಕು.

"ಇದನ್ನ ನನಗೆ ಕಲಿಸಿದ್ದೇ ನೀವಲ್ವಾ, ಅಟರ್ನಿ? ಸಹಿ ಹಾಕಿದ ದಿನ ಲೆಕ್ಕಕ್ಕಿಲ್ಲ. ಅರ್ಜಿ ಅವರ ಕೈಗೆ ತಲುಪಿದ ದಿನವೇ ದಿನ."

ಹಾಗಾಗಿ ಅವನು ಈ ಸಲ ನಿನ್ನ ಜೊತೆ ಬರುವಂತಿಲ್ಲ. ನೀನು ಮಾತ್ರ ಬರಬಹುದು. ನೀನು ಬಂದು ನೆಲೆಸಿದ ಮೇಲೆ, ಮದುವೆಯಾಗದ ಮಗ ಎಂದು ಅವನಿಗೆ ನೀನೇ ಹೊಸ ಅರ್ಜಿ ಹಾಕಬಹುದು. ಅದಕ್ಕೆ ಇನ್ನೊಂದು ಸಾಲು, ಇನ್ನೊಂದು ಪಟ್ಟಿ. ಈಗಿನ ನಡಿಗೆ ನೋಡಿದರೆ ಹನ್ನೆರಡು ವರ್ಷ. ಅಷ್ಟೂ ವರ್ಷ ಅವನು ಮದುವೆಯಾಗಬಾರದು. ಮದುವೆಯಾದರೆ ಅರ್ಜಿ ಅಂದೇ ಸತ್ತಂತೆ. ಇದನ್ನು ಅವನಿಗೆ ನಾನೇ ಫೋನಿನಲ್ಲಿ ಹೇಳಿದೆ. ದೋಣಿಯ ಇಂಜಿನ್ನು ಬಿಚ್ಚಿ ಕೂತಿದ್ದನಂತೆ, ಹಿಂದೆ ಯಾರೋ ಸುತ್ತಿಗೆ ಬಡಿಯುತ್ತಿದ್ದರು.

"ಹನ್ನೆರಡು ವರ್ಷ ಬ್ರಹ್ಮಚಾರಿಯಾಗಿರೋಕೆ ನಾನೇನು ಪಾದ್ರಿನಾ, ದೊಡ್ಡಮ್ಮ? ನನ್ನ ಹುಡುಗಿ ಜೋನಾಲಿನ್‌ಗೆ ಹೇಳಿದ್ರೆ ಈ ಸ್ಪ್ಯಾನರಲ್ಲೇ ಹೊಡೀತಾಳೆ."

ನಕ್ಕ. ನಾನೂ ನಕ್ಕೆ. ಆಮೇಲೆ ಸುತ್ತಿಗೆಯ ಸದ್ದು ನಿಂತಿತು. "ಅಮ್ಮನ್ನ ಕರ್ಕೊಂಡುಬಿಡಿ ದೊಡ್ಡಮ್ಮ," ಅಂದ. "ಅಪ್ಪ ಹೋದಾಗಿನಿಂದ ಆಕೆ ಮಷೀನಿನ ಮುಂದೆ ಕೂತ್ರೆ ಹೊಲಿಯೋದೇ ಇಲ್ಲ, ಸುಮ್ನೆ ಪೆಡಲು ತುಳೀತಾ ಇರ್ತಾಳೆ." ನೀನು ನನಗೆ ಹೇಳಿದ್ದು ಪೆಡಲು ಕೆಟ್ಟಿದೆ ಎಂದು. ಈ ಮಾತನ್ನು ನಿನಗೆ ಹೇಳಬೇಡಿ ಎಂದಿದ್ದ, ಹೇಳುತ್ತಿದ್ದೇನೆ. ನಿನ್ನ ಮಗ ನಿನ್ನನ್ನು ಕಳಿಸಲು ಹೊರಟಿರುವುದು ನಿನ್ನಿಂದ ಬಿಡಿಸಿಕೊಳ್ಳಲಿಕ್ಕಲ್ಲ.

ಕಳೆದ ಭಾನುವಾರ ಚರ್ಚಿನಿಂದ ಬಂದು ಸೋಫಾದಲ್ಲಿ ಒರಗಿದವಳಿಗೆ ಒಂದು ಕನಸು ಬಿತ್ತು. ಇಲೊಯಿಲೊದ ಕಡಲ ದಂಡೆ. ನನ್ನ ಕಕ್ಷಿದಾರರೆಲ್ಲ ಮರಳಿನ ಮೇಲೆ ಸಾಲಾಗಿ ನಿಂತಿದ್ದಾರೆ, ಸಾಲಿನ ಕೊನೆ ನೀರಿನೊಳಗೆ ಹೋಗಿ ಕಾಣದಾಗಿದೆ. ಎಲ್ಲರೂ ಅರ್ಜಿ ಹಾಕಿದ ದಿನದ ವಯಸ್ಸಿನಲ್ಲೇ ಇದ್ದಾರೆ. ಈಗ ಊರುಗೋಲು ಹಿಡಿದವರು ಅಲ್ಲಿ ಮೀಸೆ ತಿರುವುತ್ತಿದ್ದಾರೆ, ಸತ್ತುಹೋದ ಇಬ್ಬರು ಹೆಂಗಸರು ಒಂದೇ ಜೋಳದ ತೆನೆ ಹಂಚಿ ತಿನ್ನುತ್ತಿದ್ದಾರೆ. ನೀನು ಹಳದಿ ಲಂಗದಲ್ಲಿದ್ದೆ. ರೋಡೆಲ್‌ಗೆ ನಾಲ್ಕು ವರ್ಷ, ನಿನ್ನ ಲಂಗ ಹಿಡಿದು ನಿಂತಿದ್ದ. ಯಾರಿಗೂ ಅವಸರವಿಲ್ಲ. ತೆರೆ ಬಂದು ಕಾಲು ತೊಳೆದು ಹೋಗುತ್ತದೆ, ಮತ್ತೆ ಬರುತ್ತದೆ. ನಾನು ಒಬ್ಬಳೇ ಪಟ್ಟಿ ಹಿಡಿದುಕೊಂಡು, ಹೆಸರು ಕೂಗಲು ಬಾಯಿ ತೆರೆದರೆ ಧ್ವನಿಯೇ ಇಲ್ಲ. ಎಚ್ಚರವಾದಾಗ ಕಿಟಕಿಯ ತುಂಬ ಬಿಳಿ ಮಂಜಿತ್ತು, ಬಹಳ ಹೊತ್ತು ನಾನು ಇನ್ನೂ ಅಲ್ಲೇ ಇದ್ದೇನೆ ಅನ್ನಿಸುತ್ತಿತ್ತು.

ನಿನ್ನ ಸಂದರ್ಶನ ಮನಿಲಾದಲ್ಲಿ ಜೂನ್ 11ಕ್ಕೆ. ಹೋಗುವುದಾದರೆ ಒಂದು ಮಾತು ನೆನಪಿಟ್ಟುಕೋ. ಹೋದ ತಿಂಗಳು ಇಲ್ಲಿ ಲುದಿವಿನಾ ಎಂಬಾಕೆಯ ಜೊತೆ ಸಂದರ್ಶನಕ್ಕೆ ಹೋಗಿದ್ದೆ. ಗಂಡ ಎಸ್ತೆಬಾನ್ ಅಂಚೆ ಇಲಾಖೆಯಿಂದ ನಿವೃತ್ತನಾದ ಎಪ್ಪತ್ತರ ಮನುಷ್ಯ, ಇಲ್ಲಿನ ಪ್ರಜೆ. ಮದುವೆ ನಿಜವೋ ನಾಟಕವೋ ಎಂದು ನೋಡುವುದು ಅಧಿಕಾರಿಯ ಕೆಲಸ. ಅವನು ಆಕೆಯನ್ನು ಕೇಳಿದ, "ನೀವಿಬ್ರೂ ಒಂದೇ ಮನೇಲಿ ಇದ್ದೀರಾ?" ಲುದಿವಿನಾ ಹುಬ್ಬು ಏರಿಸಿದಳು. ಮತ್ತೆ ಕೇಳಿದ. ಇನ್ನೂ ಮೇಲಕ್ಕೆ ಏರಿಸಿದಳು. ಅವನು 'ಉತ್ತರಿಸಲಿಲ್ಲ' ಎಂದು ಬರೆಯತೊಡಗಿದ.

"ಸ್ವಾಮಿ, ಅವರು ಹೌದು ಅಂದ್ರಲ್ಲ," ಅಂದೆ ನಾನು.

"ಯಾವಾಗ?"

"ಈಗಲೇ. ಎರಡು ಸಲ."

ಆತ ಪೆನ್ನು ಕೆಳಗಿಟ್ಟು ಆಕೆಯ ಹುಬ್ಬನ್ನೇ ನೋಡಿದ. ಪಕ್ಕದಲ್ಲಿದ್ದ ಎಸ್ತೆಬಾನ್‌ಗೆ ತಡೆಯಲಿಲ್ಲ. "ಜಗಳಾಡುವಾಗ ಮಾತ್ರ ಬಾಯಿ ತೆಗೀತಾಳೆ ಸಾರ್, ಬೇಕಾದ್ರೆ ಜಗಳ ತೆಗೀಲಾ?" ಅಂದ. ಆಕೆ ಅವನ ಮೊಣಕೈಗೆ ಚಿವುಟಿದ್ದು ನೋಡಿದ ಮೇಲೆ ಅಧಿಕಾರಿ ಬೇರೆ ಪ್ರಶ್ನೆ ಕೇಳಲಿಲ್ಲ. ಅವರದ್ದು ಮಂಜೂರಾಯಿತು. ನೀನೂ ಹುಬ್ಬಿನಲ್ಲೇ ಮಾತಾಡುವವಳು. ಅಲ್ಲಿ ಹೌದನ್ನು ಬಾಯಲ್ಲೇ ಹೇಳು. ನಮ್ಮಿಬ್ಬರ ಜನನ ಪತ್ರ, ಅಮ್ಮನ ಮದುವೆ ಪತ್ರ, ಮೂರೂ ಅಸಲು ಒಯ್ಯಿ. ನಿನ್ನ ಹೆಸರಿನಲ್ಲಿ ಗುಮಾಸ್ತ ತಪ್ಪು ಬರೆದ ಅಕ್ಷರವನ್ನು ಅವರು ಕೇಳುವ ಮೊದಲೇ ನೀನೇ ತೋರಿಸು. ಮುಚ್ಚಿಟ್ಟದ್ದು ಸಿಕ್ಕರೆ ಸಣ್ಣ ತಪ್ಪೂ ಸುಳ್ಳಾಗುತ್ತದೆ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಇನ್ನು ನೀನು ಕೇಳಿದ್ದು. "ಅವನನ್ನ ಬಿಟ್ಟು ಬರಲೋ ಬೇಡವೋ, ನೀನೇ ಹೇಳು ಅಕ್ಕ, ನೀನು ಅಟರ್ನಿ." ಅಟರ್ನಿಯಾಗಿ ಹೇಳುವುದಾದರೆ, ಬಾ. ನೀನು ಬಾರದಿದ್ದರೆ ಇಬ್ಬರಿಗೂ ದಾರಿ ಮುಚ್ಚಿತು. ಬಂದರೆ ಅವನಿಗೆ ಉದ್ದವಾದರೂ ಒಂದು ದಾರಿ ಉಳಿಯಿತು. ಅಕ್ಕನಾಗಿ ಹೇಳಲು ನನಗೆ ಯೋಗ್ಯತೆಯಿಲ್ಲ. ಈ ಮನೆಯಲ್ಲಿ ಒಬ್ಬಳೇ ಅನ್ನ ಬೇಯಿಸಿ ಬೇಯಿಸಿ, ಒಂದು ಲೋಟ ಅಕ್ಕಿಗೆ ಎಷ್ಟು ನೀರು ಎಂಬುದೇ ಮರೆತಿದೆ. ನೀನು ಬರಬೇಕೆಂದು ನನಗೆ ಎಷ್ಟು ಆಸೆ ಎಂದರೆ, ನನ್ನ ಸಲಹೆಯನ್ನು ನಾನೇ ನಂಬುವುದಿಲ್ಲ.

ದೇವಮಾತೆ ನಿನ್ನನ್ನೂ ನಿನ್ನ ಮಗನನ್ನೂ ತನ್ನ ಸೆರಗಿನಲ್ಲಿಟ್ಟು ಕಾಯಲಿ. ರೋಡೆಲ್‌ನ ಅಪ್ಪ ಅರ್ಸೆನಿಯೊನ ಸಮಾಧಿಗೆ ನನ್ನ ಲೆಕ್ಕದಲ್ಲೂ ಒಂದು ಮೇಣದ ಬತ್ತಿ ಹಚ್ಚು. ಜೋನಾಲಿನ್‌ಳ ಕೈಗೆ ಸ್ಪ್ಯಾನರು ಸಿಗದಂತೆ ನೋಡಿಕೋ.

ನಿನ್ನ ಅಕ್ಕ,
ಲಾಲಿಂಗ್

ತಾ. ಕ.: ನಿನ್ನ ಕಾಗದದ ಕೊನೆಯಲ್ಲಿ, "ಅವನನ್ನ ಆರು ತಿಂಗಳು ತಡವಾಗಿ ಹೆತ್ತಿದ್ರೆ ಆಗ್ತಿತ್ತು, ತಪ್ಪು ನಂದೇ" ಎಂದು ಬರೆದಿದ್ದೀಯ. ಐದು ವಾರ ನನ್ನ ಕೈ ಕಟ್ಟಿ ಕೂರಿಸಿದ್ದು ಆ ಸಾಲು.

ತಪ್ಪು ನಿನ್ನದಲ್ಲ, ಪಿನಾಂಗ್. ಸೆಪ್ಟೆಂಬರ್ 2002ರಲ್ಲಿ ಸಹಿ ಹಾಕಿ ನಿನ್ನ ಅರ್ಜಿ ಕಳಿಸಿದೆ ಎಂದು ಫೋನು ಮಾಡಿದೆನಲ್ಲ, ಕಳಿಸಿರಲಿಲ್ಲ. ಅಮ್ಮ ಆಗಷ್ಟೇ ಹಾಸಿಗೆ ಹಿಡಿದಿದ್ದಳು. ಅರ್ಜಿ ಹೋದ ಮರುದಿನದಿಂದ ಜನರ ಮನಸ್ಸು ಊರಿನಲ್ಲಿ ನಿಲ್ಲುವುದಿಲ್ಲ, ಸೋರುವ ಸೂರನ್ನೂ ಅವರು ರಿಪೇರಿ ಮಾಡಿಸುವುದಿಲ್ಲ, ದಿನವೂ ನೋಡುತ್ತಿದ್ದೆ. ನಿನ್ನ ಮನಸ್ಸು ಹಾಗೆ ಎದ್ದುಹೋದರೆ ಅಮ್ಮನ ಮಲಮೂತ್ರ ಬಳಿಯಲು ನಾನು ಬರಬೇಕಾಗುತ್ತಿತ್ತು. ನನಗೆ ಬರಲು ಇಷ್ಟವಿರಲಿಲ್ಲ. ಅಮ್ಮ ಜೂನ್ 2004ರಲ್ಲಿ ತೀರಿಕೊಂಡಳು, ಆಗಸ್ಟಿನಲ್ಲಿ ಅರ್ಜಿಯನ್ನು ಅಂಚೆಗೆ ಹಾಕಿದೆ. ತಾರೀಖು ನೋಡಿ ನೀನು ಕೇಳಿದಾಗ, ಸರ್ಕಾರ ಎರಡು ವರ್ಷ ಲಕೋಟೆಯನ್ನೇ ತೆರೆಯಲಿಲ್ಲ ಅಂದೆ. ನೀನು ನಂಬಿದೆ.

ಹೇಳಿದಾಗಲೇ ಕಳಿಸಿದ್ದರೆ ನಿನ್ನ ಬಾಗಿಲು ಎರಡು ವರ್ಷ ಮೊದಲೇ ತೆರೆಯುತ್ತಿತ್ತು. ಆ ದಿನ ಕಾನೂನಿನ ಲೆಕ್ಕದಲ್ಲಿ ರೋಡೆಲ್‌ಗೆ ಹತ್ತೊಂಬತ್ತು. ಜೂನ್ 11ಕ್ಕೆ ಮೊದಲು ಇದು ನಿನಗೆ ಗೊತ್ತಿರಬೇಕು. ಯಾಕೆಂದರೆ ಮಗನನ್ನು ಬಿಟ್ಟು ನೀನು ಬಂದು ಇರಬೇಕಾದದ್ದು ನನ್ನ ಮನೆಯಲ್ಲಿ.